ಅಕಾಲ ನಿವೃತ್ತಿ

ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವನ್ನು ಕಂಡು ನಮ್ಮ ಹಳೆಯ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಮೂರು ದಶಕಗಳಿಗೂ ಮಿಕ್ಕು ಸಂಸ್ಕೃತ ಪಾಠ ಹೇಳಿ, ಶಬ್ದರೂಪ ಧಾತುರೂಪಗಳ ನಡುವೆಯೇ ತಲೆ ನರೆಸಿಕೊಂಡ ಉಪಾಧ್ಯಾಯನಿಗೆ ಹೆಂಗಸರ ಮುಟ್ಟಿನ ವಿಚಾರವೇಕೆ ಎಂದು ಅವರು ಕೇಳಿದರೆ ತಪ್ಪಲ್ಲ. ನಾವೂ ಮೊದಲು ಹಾಗೆಯೇ ಕೇಳಿಕೊಂಡೆವು. "ಹೆಂಗಸರು ಬರೆದರೆ ಗಂಡಸರು ಆ ಪುಟವನ್ನು ಮಗುಚಿ ಮುಂದೆ ಹೋಗುತ್ತೀರಿ. ನೀವೇ ಬರೆಯಿರಿ" ಎಂದು ನಮ್ಮ ಮನೆಯವರು ಹೇಳಿದ ಮೇಲೆ ಲೇಖನಿಯನ್ನು ಕೈಗೆ ತೆಗೆದುಕೊಂಡೆವು. ಇದು ನಮ್ಮ ಮನೆಯಲ್ಲಿಯೇ ನಡೆದ ಸಂಗತಿ. ಸಂಬಂಧಪಟ್ಟವರ ಒಪ್ಪಿಗೆಯನ್ನು ಪಡೆದು ಹೇಳುತ್ತಿದ್ದೇವೆ; ಹೆಸರುಗಳನ್ನು ಮಾತ್ರ ಬಿಟ್ಟಿದ್ದೇವೆ.

ನಮ್ಮ ಅಕ್ಕನ ಮಗಳನ್ನು ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಹೋಬಳಿಯ ಒಂದು ಗ್ರಾಮಕ್ಕೆ ಕೊಟ್ಟಿದೆ. ತೆಂಗಿನ ತೋಟ, ರಾಗಿಯ ಹೊಲ, ಕರೆಯುವ ಹಸು, ಉಂಡುಡುವುದಕ್ಕೆ ಕೊರತೆಯಿಲ್ಲದ ಮನೆ. ಅವಳಿಗೆ ಒಬ್ಬಳೇ ಮಗಳು. ಕಳೆದ ಆಷಾಢದಲ್ಲಿ, ಅವಳಿಗೆ ಮೂವತ್ತಾರು ವರ್ಷವಿದ್ದಾಗ, ಹಿತ್ತಲಿನ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಬಿದ್ದಳೆನ್ನುವುದಕ್ಕಿಂತ ಕುಳಿತಳೆನ್ನಬೇಕು, ಅಷ್ಟು ಅಲ್ಪವಾದ ಬೀಳು. ಆದರೂ ಅಂಗೈಯೂರಿದ ಮಾತ್ರಕ್ಕೆ ಮಣಿಕಟ್ಟಿನ ಮೂಳೆ ಮುರಿದುಹೋಯಿತು. ಅಳಿಯನು ಊರಿನಲ್ಲಿರಲಿಲ್ಲವಾಗಿ ನಾವೇ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ಮೂಳೆಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಸಣ್ಣ ಬೀಳಿಗೆ ಈ ವಯಸ್ಸಿನಲ್ಲಿ ಮೂಳೆ ಹೀಗೆ ಮುರಿಯಬಾರದಲ್ಲ ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು, ಬಳಿಕ ಅವಳ ಕಡೆಗೆ ತಿರುಗಿ, "ತಿಂಗಳ ಮುಟ್ಟು ಸರಿಯಾಗಿ ಆಗುತ್ತಿದೆಯೇನಮ್ಮಾ?" ಎಂದು ಕೇಳಿದರು.

ಅವಳು ನಮ್ಮನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ನಾವು ಹೊರಗೆ ಹೋಗಬೇಕೆಂದು ಎದ್ದೆವು. "ಕೂತ್ಕೊಳಿ ಮಾವ, ಪರವಾಗಿಲ್ಲ" ಎಂದು, ಡಾಕ್ಟರಿಗೆ, "ನಿಂತು ಎರಡು ವರ್ಷ ಆಯ್ತು" ಎಂದಳು.

ಹಿಂದಿರುಗುವಾಗ ದಾರಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಮೊದಲ ಎರಡು ತಿಂಗಳು ಹೊರಗಾಗದಿದ್ದಾಗ ಅತ್ತೆಯವರು ಎರಡನೆಯ ಮೊಮ್ಮಗುವಿನ ಲೆಕ್ಕ ಹಾಕಿದರಂತೆ. ಪರೀಕ್ಷೆಯಲ್ಲಿ ಗರ್ಭವಿಲ್ಲವೆಂದು ತಿಳಿದುಬಂದಿತು. ಒಬ್ಬ ವೈದ್ಯರು ರಕ್ತ ಕಡಿಮೆಯೆಂದು ಕಬ್ಬಿಣದ ಟಾನಿಕ್ಕು ಕೊಟ್ಟರು; ಬೇರೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಾತ್ರಿಯ ವೇಳೆ ಎದೆಯಿಂದ ನೆತ್ತಿಯ ವರೆಗೆ ಬೆಂಕಿ ಹೊತ್ತಿಕೊಂಡಂತಾಗಿ, ಕ್ಷಣದಲ್ಲಿ ಬೆವರಿ ತೊಯ್ದುಹೋಗುವುದು; ನಿದ್ರೆಯಿಲ್ಲ; ನಿದ್ರೆಯಿಲ್ಲದ್ದರಿಂದ ಸಿಡುಕು. ಸಿಡುಕನ್ನು ಮನೆಯವರು ಗರ್ವವೆಂದು ತಿಳಿದರು. ಕಾಲಕ್ರಮದಲ್ಲಿ ಮುಟ್ಟು ನಿಂತದ್ದು ಮನೆಗೆ ಒಂದು ಅನುಕೂಲವೇ ಆಗಿ ಪರಿಣಮಿಸಿತು! ಹಬ್ಬಕ್ಕೆ, ಶ್ರಾದ್ಧಕ್ಕೆ, ದೇವರ ಮನೆಯ ಕೆಲಸಕ್ಕೆ ಎಂದೂ ತಪ್ಪದೆ ಒದಗುವ ಸೊಸೆಯಾದಳು. ಅನುಕೂಲವಾದುದನ್ನು ರೋಗವೆಂದು ಯಾರು ತಾನೆ ಶಂಕಿಸುವರು?

ಈ ಅವಸ್ಥೆಗೆ ಇತ್ತೀಚಿನ ಪುಸ್ತಕಗಳಲ್ಲಿ 'ಋತುಬಂಧ' ಎಂಬ ಮಾತು ರೂಢಿಗೆ ಬಂದಿದೆ. ನಮಗೆ 'ರಜೋನಿವೃತ್ತಿ' ಎಂಬುದೇ ಹೆಚ್ಚು ಒಪ್ಪುತ್ತದೆ. ಬಂಧವೆಂದರೆ ಯಾರೋ ತಡೆದು ಕಟ್ಟಿದಂತೆ. ನಿವೃತ್ತಿಯಾದರೋ ಕೆಲಸ ಮುಗಿಸಿ ಹಿಂದಿರುಗುವುದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಆರ್ತವವು ಹನ್ನೆರಡನೆಯ ವಯಸ್ಸಿಗೆ ಆರಂಭವಾಗಿ, ಮುಪ್ಪಿನಿಂದ ಪಕ್ವವಾದ ಶರೀರದಲ್ಲಿ ಐವತ್ತಕ್ಕೆ ಕ್ಷಯಿಸುವುದೆಂದು ಹೇಳಿದೆ. ಇಂದಿನ ಲೆಕ್ಕವೂ ಇದಕ್ಕೆ ಬಹಳ ದೂರವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ಐವತ್ತೊಂದು. ನಮ್ಮ ದೇಶದಲ್ಲಿ ನಲವತ್ತಾರು, ನಲವತ್ತೇಳು. ನಾವು ಅರುವತ್ತಕ್ಕೆ ನಿವೃತ್ತರಾದಾಗ ಹಾರ ಹಾಕಿ, ಶಾಲು ಹೊದಿಸಿ ಕಳುಹಿಸಿದರು, ಅದು ಸಕಾಲ. ಮೂವತ್ತನಾಲ್ಕಕ್ಕೆ ನಮ್ಮನ್ನು ಕೆಲಸದಿಂದ ತೆಗೆದಿದ್ದರೆ ಅದಕ್ಕೆ ನಿವೃತ್ತಿಯೆಂಬ ಹೆಸರು ಸಲ್ಲುತ್ತಿರಲಿಲ್ಲ. ನಲವತ್ತೈದರೊಳಗೆ ನಿಂತರೆ ಬೇಗನೆಂದೂ, ನಲವತ್ತರೊಳಗೆ ನಿಂತರೆ ಅಕಾಲವೆಂದೂ ವೈದ್ಯರು ಎಣಿಸುತ್ತಾರೆ. ಎರಡನೆಯದನ್ನು ಅವರು ಈಗ ನಿವೃತ್ತಿಯೆಂದು ಕರೆಯುವುದೂ ಇಲ್ಲ, ಅಂಡಾಶಯದ ಕೊರತೆ ಎನ್ನುತ್ತಾರೆ. ಈ ಹೆಸರಿನ ಭೇದ ಬಹು ಮುಖ್ಯವಾದುದು. ಮುಪ್ಪಿಗೆ ಔಷಧವಿಲ್ಲ, ಕೊರತೆಯನ್ನು ತುಂಬಬಹುದು.

ಹುಟ್ಟುವ ಹೆಣ್ಣು ಕೂಸಿನ ಅಂಡಾಶಯಗಳಲ್ಲಿ ಹತ್ತು ಇಪ್ಪತ್ತು ಲಕ್ಷ ಅಂಡಬೀಜಗಳಿರುವುವಂತೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುವುವು. ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುವು ನಾನೂರು ಐನೂರು ಮಾತ್ರ. ಮಿಕ್ಕವು ತಾವಾಗಿಯೇ ಸೊರಗುವುವು. ಈ ಬೀಜಗಳು ಬೆಳೆಯುವಾಗ ಅವುಗಳ ಸುತ್ತಣ ಕಣಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಒಸರಿಸುತ್ತವೆ. ಹಾರ್ಮೋನು ಎಂಬ ಶಬ್ದವನ್ನು ೧೯೦೫ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ವಿದ್ವಾಂಸನು ಬಳಕೆಗೆ ತಂದನು. ಗ್ರೀಕ್ ಭಾಷೆಯ ಆ ಧಾತುವಿಗೆ ಪ್ರೇರಿಸು, ಎಬ್ಬಿಸು ಎಂದರ್ಥ. ೧೯೨೯ರಲ್ಲಿ ಅಮೆರಿಕದ ಡಾಯ್ಸಿ, ಜರ್ಮನಿಯ ಬ್ಯುಟೆನಾಂಟ್ ಎಂಬಿಬ್ಬರು, ಒಬ್ಬರನ್ನೊಬ್ಬರು ಅವಲಂಬಿಸದೆ, ಈಸ್ಟ್ರೋಜನ್ ವರ್ಗದ ಮೊದಲ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಗರ್ಭಧಾರಣೆಗೆ ಮಾತ್ರ ಬೇಕಾದುದು ಇದೆಂದು ನಾವು ತಿಳಿದಿದ್ದೆವು. ವಾಸ್ತವದಲ್ಲಿ ಇದು ಮೂಳೆಯ ಸುಣ್ಣವನ್ನು ಕಾಯುತ್ತದೆ, ರಕ್ತನಾಳಗಳನ್ನು ಮೃದುವಾಗಿಡುತ್ತದೆ, ನಿದ್ರೆಗೂ ಚಿತ್ತಸ್ವಾಸ್ಥ್ಯಕ್ಕೂ ಬೆಂಬಲವಾಗಿರುತ್ತದೆ. ಐವತ್ತರ ವರೆಗೆ ದೊರೆಯಬೇಕಾದ ಈ ರಕ್ಷೆ ಮೂವತ್ತನಾಲ್ಕಕ್ಕೆ ತಪ್ಪಿದರೆ ಹದಿನಾರು ವರ್ಷದ ನಷ್ಟ. ಮಣಿಕಟ್ಟು ಮುರಿದದ್ದು ಎರಡನೆಯ ವರ್ಷದಲ್ಲಿ; ಮುಂದೆ ಸೊಂಟ, ಬೆನ್ನುಮೂಳೆ, ಹೃದಯಗಳ ಸರದಿ.

ಇದು ಅಪರೂಪದ ವ್ಯಾಧಿಯೆಂದು ತಳ್ಳಿಹಾಕುವಂತಿಲ್ಲ. ನಲವತ್ತರೊಳಗೆ ನೂರರಲ್ಲಿ ಒಬ್ಬಳಿಗೆ ಎಂದು ಬಹುಕಾಲ ಹೇಳುತ್ತಿದ್ದರು. ಈಚಿನ ಗಣನೆಗಳು ಅದಕ್ಕಿಂತ ಹೆಚ್ಚೆಂದೇ ತೋರಿಸುತ್ತವೆ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ೧೯೯೮-೯೯ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಶೋಧಿಸಿ, ನಮ್ಮ ದೇಶದಲ್ಲಿ ೨೯ರಿಂದ ೩೪ರ ಪ್ರಾಯದಲ್ಲಿಯೇ ನೂರಕ್ಕೆ ಸುಮಾರು ನಾಲ್ವರಿಗೂ, ೩೫ರಿಂದ ೩೯ರಲ್ಲಿ ಸುಮಾರು ಎಂಟು ಮಂದಿಗೂ ಮುಟ್ಟು ನಿಲ್ಲುವ ಲಕ್ಷಣಗಳು ಕಂಡುಬರುವುವೆಂದು ತಿಳಿಸಿದ್ದರು. ಮನೆಮನೆಗೆ ಹೋಗಿ ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡ ಉತ್ತರಗಳಿವು, ರಕ್ತಪರೀಕ್ಷೆಯಲ್ಲ. ಆದಕಾರಣ ಸ್ವಲ್ಪ ಹೆಚ್ಚು ಕಡಿಮೆ ಇದ್ದೀತು. ಅರ್ಧಕ್ಕೆ ಇಳಿಸಿದರೂ ನಮ್ಮ ಒಂದೊಂದು ಬೀದಿಯಲ್ಲಿಯೂ ಒಬ್ಬಿಬ್ಬರು ಇಂಥವರು ಇರಲೇಬೇಕು. ಆದರೆ ಒಬ್ಬರನ್ನೂ ನಾವು ಕಂಡಿರಲಿಲ್ಲ!

ಮೂಳೆಯ ಡಾಕ್ಟರು ಹಾಸನದ ಒಬ್ಬ ಸ್ತ್ರೀವೈದ್ಯೆಯ ಬಳಿಗೆ ಕಳುಹಿಸಿದರು. ಆಕೆ ಮಾಡಿಸಿದ ಪರೀಕ್ಷೆಗಳ ವಿಧವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು, ಏಕೆಂದರೆ ಇಲ್ಲಿಯೇ ಜನ ದಾರಿ ತಪ್ಪುವುದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್.ಎಸ್.ಎಚ್. ಎಂಬ ಹಾರ್ಮೋನನ್ನು ಕಳುಹಿಸಿ ಅಂಡಾಶಯವನ್ನು ಕೆಲಸಕ್ಕೆ ಕರೆಯುತ್ತದೆ. ಶಾಲೆಯ ಗಂಟೆ ಬಾರಿಸಿದರೂ ಹುಡುಗರು ಬಾರದಿದ್ದರೆ ಜವಾನನು ಏನು ಮಾಡುತ್ತಾನೆ? ಇನ್ನೂ ಜೋರಾಗಿ, ಬಿಡದೆ ಬಾರಿಸುತ್ತಾನೆ. ಅಂಡಾಶಯವು ಓಗೊಡದಿದ್ದಾಗ ರಕ್ತದಲ್ಲಿ ಎಫ್.ಎಸ್.ಎಚ್. ಹೀಗೆಯೇ ಏರುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ. ನಾಲ್ಕು ತಿಂಗಳು ಮುಟ್ಟು ತಪ್ಪಿದ ನಲವತ್ತರೊಳಗಿನ ಹೆಂಗಸಿಗೆ ಎಫ್.ಎಸ್.ಎಚ್. ಪ್ರಮಾಣ ೨೫ನ್ನು ದಾಟಿದರೆ ಈ ಕೊರತೆಯೆಂದು ಭಾವಿಸಬೇಕು. ಸಂದೇಹವಿದ್ದರೆ ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು, ಏಕೆಂದರೆ ಅಂಡಾಶಯವು ಆರುವ ದೀಪದಂತೆ ನಡುನಡುವೆ ಉರಿದೇಳುವುದುಂಟು. ನಮ್ಮ ಹುಡುಗಿಗೆ ಮೊದಲ ಬಾರಿ ೬೮, ಎರಡನೆಯ ಬಾರಿ ೭೪. ಇದಕ್ಕೂ ಮೊದಲು ಗರ್ಭವಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆಗಳನ್ನೂ ಮಾಡಿದ್ದರು. ಅವುಗಳ ಏರುಪೇರಿನಿಂದಲೂ ಮುಟ್ಟು ನಿಲ್ಲಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ. ಅನಂತರ ವರ್ಣತಂತುಗಳ ಪರೀಕ್ಷೆ, ಮೂಳೆಯ ಸಾಂದ್ರತೆಯ ಪರೀಕ್ಷೆ. ಎ.ಎಂ.ಎಚ್. ಎಂಬ ಇನ್ನೊಂದು ಪರೀಕ್ಷೆಗೆ ಈಗ ಬಹಳ ಪ್ರಚಾರವಿದೆ. ಉಳಿದ ಬೀಜಗಳ ಅಂದಾಜಿಗೆ ಅದು ಸಹಾಯವಾದರೂ ಅದೊಂದರಿಂದಲೇ ನಿರ್ಣಯಕ್ಕೆ ಬರಲಾಗದೆಂದು ಆಕೆ ಹೇಳಿದರು.

ಇಲ್ಲಿ ಎರಡು ಮಾತು. ಔಷಧದ ಅಂಗಡಿಯಲ್ಲಿ "ಮುಟ್ಟಾಗುವ ಗುಳಿಗೆ" ಎಂದು ಕೇಳಿ ತಂದು ನುಂಗುವ ಅಭ್ಯಾಸ ನಮ್ಮ ಕಡೆ ಬಹಳ. ಹಾರ್ಮೋನಿನ ಗುಳಿಗೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಎಫ್.ಎಸ್.ಎಚ್. ತಗ್ಗಿ ತೋರಿ, ರೋಗ ಮರೆಯಾಗಿಬಿಡಬಹುದು. ಹಾಗೆಯೇ, ನಲವತ್ತೈದು ದಾಟಿದ ಆರೋಗ್ಯವಂತ ಸ್ತ್ರೀಗೆ ಸೆಕೆಯೂ ಬೆವರೂ ಬಂದು ಮುಟ್ಟು ಹಿಂದುಮುಂದಾದರೆ ಲಕ್ಷಣವೇ ಸಾಕು, ಈ ಪರೀಕ್ಷೆಗಳ ಅಗತ್ಯವಿಲ್ಲ. ಅಂಥವರಿಗೆ ಹಬ್ಬದ ರಿಯಾಯಿತಿಯೆಂದು ಹೇಳಿ ಹತ್ತು ಹಾರ್ಮೋನುಗಳ ಪಟ್ಟಿ ಮಾರುವುದು ವ್ಯಾಪಾರವೇ ಹೊರತು ವೈದ್ಯವಲ್ಲ. ಪರೀಕ್ಷೆ ಅತ್ಯಗತ್ಯವಾದವಳಿಗೆ ಟಾನಿಕ್ಕು, ಅನಗತ್ಯವಾದವಳಿಗೆ ಪರೀಕ್ಷೆ: ಲೋಕದ ರೀತಿ ಹೀಗಿದೆ.

ಕಾರಣವೇನೆಂದು ಕೇಳಿದೆವು. ಕೆಲವರಲ್ಲಿ ವರ್ಣತಂತುವಿನ ದೋಷ, ಕೆಲವರಲ್ಲಿ ಶರೀರವು ತನ್ನ ಅಂಗವನ್ನೇ ಪರಕೀಯವೆಂದು ಬಗೆದು ಕೆಡಿಸುವುದು, ಕೆಲವರಲ್ಲಿ ಅರ್ಬುದಕ್ಕೆ ಮಾಡಿದ ಚಿಕಿತ್ಸೆ. ಬಹುಮಂದಿಯಲ್ಲಿ ಕಾರಣ ಸಿಕ್ಕುವುದೇ ಇಲ್ಲ. "ವಂಶದಲ್ಲಿ ಬರುವುದೂ ಉಂಟು. ಇವರ ತಾಯಿಗೆ ಎಷ್ಟನೆಯ ವಯಸ್ಸಿನಲ್ಲಿ ನಿಂತಿತು?" ಎಂದು ವೈದ್ಯೆ ನಮ್ಮನ್ನು ಕೇಳಿದರು.

ನಮ್ಮ ಮನೆತನದ ಜಾತಕಗಳ ಕಟ್ಟು ನಮ್ಮ ಪೆಟ್ಟಿಗೆಯಲ್ಲಿದೆ. ನಾಲ್ಕು ತಲೆಮಾರಿನ ಜನ್ಮನಕ್ಷತ್ರ, ಪಾದ, ಲಗ್ನಗಳನ್ನು ನಾವು ಬಾಯಲ್ಲಿಯೇ ಹೇಳಬಲ್ಲೆವು. ಈ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ. ಅಕ್ಕ ನಮಗಿಂತ ಏಳು ವರ್ಷಕ್ಕೆ ಹಿರಿಯಳು. ಮೂವತ್ತೇಳನೆಯ ವಯಸ್ಸಿನಲ್ಲಿ ಭಾವನವರನ್ನು ಕಳೆದುಕೊಂಡು, ಆರು ವರ್ಷದ ಮಗಳ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದವಳು. ಅಂದಿನಿಂದ ಒಂದೇ ಸೂರಿನಡಿಯಲ್ಲಿ ಇದ್ದೇವೆ. ಅಂದು ಸಂಜೆ ಜಗಲಿಯ ಮೇಲೆ ಅವಳೆದುರು ಕುಳಿತು ಬಹಳ ಸಂಕೋಚದಿಂದ ಕೇಳಿದೆವು. ಹೂವಿನ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮೂವತ್ತೊಂಬತ್ತು."

"ಯಾಕೆ ಅಕ್ಕಾ ಹೇಳಲಿಲ್ಲ?"

"ಯಾರ ಹತ್ತಿರ ಹೇಳೋದು ಕಣೋ? ಗಂಡ ಸತ್ತವಳಿಗೆ ಅದು ಆದರೇನು, ಬಿಟ್ಟರೇನು ಅಂತ ಸುಮ್ಮನಾದೆ. ರಾತ್ರಿ ಮೈ ಉರಿದರೆ ಬಾವಿಕಟ್ಟೆ ಮೇಲೆ ಹೋಗಿ ಕೂತಿರುತ್ತಿದ್ದೆ. ನೀನು ಒಳಗೆ ಪುಸ್ತಕ ಓದ್ತಾ ಇರುತ್ತಿದ್ದೆ."

೨೦೦೬ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ ಅಕ್ಕ ಆರುನೂರಕ್ಕೂ ಮಿಕ್ಕ ಆ ಮೆಟ್ಟಿಲುಗಳನ್ನು ನಮ್ಮೊಡನೆ ಹತ್ತಿದ್ದಳು. ೨೦೧೮ರಲ್ಲಿ ಬೆಟ್ಟದ ಬುಡದಲ್ಲಿಯೇ ಕುಳಿತಳು. ಅಷ್ಟು ಹೊತ್ತಿಗೆ ಬೆನ್ನು ಬಾಗಿ, ಎತ್ತರವೂ ಕುಗ್ಗಿ, ಗೂಟಕ್ಕೆ ನೇತುಹಾಕಿದ್ದ ಚೀಲ ಅವಳ ಕೈಗೆ ಎಟುಕುತ್ತಿರಲಿಲ್ಲ. ನೀರು ಹೊತ್ತದ್ದರಿಂದ ಎಂದೆವು, ವಯಸ್ಸು ಎಂದೆವು, ವಾತವೆಂದು ಎಣ್ಣೆ ತಂದುಕೊಟ್ಟೆವು. ಈಗ ತೆಗೆಸಿದ ಚಿತ್ರದಲ್ಲಿ ಬೆನ್ನಿನ ಎರಡು ಮೂಳೆಗಳು ಕುಸಿದಿರುವುದು ಕಂಡಿತು. ಅರುವತ್ತೆಂಟನೆಯ ವಯಸ್ಸಿನಲ್ಲಿ ಹೊಸದಾಗಿ ಹಾರ್ಮೋನು ಆರಂಭಿಸುವುದು ಉಚಿತವಲ್ಲವಂತೆ. ಮೂಳೆಯನ್ನು ಬಲಪಡಿಸುವ ಬೇರೆ ಗುಳಿಗೆಯುಂಟು; ವಾರಕ್ಕೊಮ್ಮೆ ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕುಳಿತಿರಬೇಕು. "ನೆಟ್ಟಗೆ ಕೂರೋಕೆ ಆಗಿದ್ದರೆ ಗುಳಿಗೆ ಯಾಕೆ ಬೇಕಿತ್ತು?" ಎಂದು ಅಕ್ಕ ನಕ್ಕಳು. ನಮಗೆ ನಗು ಬರಲಿಲ್ಲ.

ಮಗಳ ವಿಷಯದಲ್ಲಿ ಕಾಲ ಮೀರಿರಲಿಲ್ಲ. ದೇಹವು ತಾನಾಗಿ ಮಾಡಿಕೊಳ್ಳಬೇಕಾಗಿದ್ದ ಹಾರ್ಮೋನನ್ನೇ ಹೊರಗಿನಿಂದ ಕೊಡುವುದು ಚಿಕಿತ್ಸೆಯ ತತ್ತ್ವ. ಈಸ್ಟ್ರೋಜನ್ನನ್ನು ಗುಳಿಗೆಯಾಗಿ ನುಂಗಬಹುದು, ಚರ್ಮಕ್ಕೆ ಜೆಲ್ಲಿನಂತೆ ಹಚ್ಚಿಕೊಳ್ಳಬಹುದು, ಪಟ್ಟಿಯಾಗಿ ಅಂಟಿಸಿಕೊಳ್ಳಬಹುದು. ಚರ್ಮದ ಮೂಲಕ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಗರ್ಭಕೋಶವಿರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡಕೂಡದು. ಅದರ ಒಳಪದರವು ದಪ್ಪವಾಗಿ ಅರ್ಬುದಕ್ಕೆ ಎಡೆಯಾದೀತು. ಆದುದರಿಂದ ಜೊತೆಗೆ ಪ್ರೊಜೆಸ್ಟರೋನ್ ಇರಬೇಕು. ನಮ್ಮ ಹುಡುಗಿಗೆ ಜೆಲ್ಲು ದಿನವೂ, ಪ್ರೊಜೆಸ್ಟರೋನ್ ತಿಂಗಳಿಗೆ ಹನ್ನೆರಡು ರಾತ್ರಿ. ಮೂರನೆಯ ವಾರಕ್ಕೇ ರಾತ್ರಿಯ ಉರಿ ತಗ್ಗಿ, ನಿದ್ರೆ ಬಂದಿತು. ಪ್ರತಿ ತಿಂಗಳೂ ಸ್ರಾವವೂ ಮರುಕಳಿಸಿತು. "ಮತ್ತೆ ಶುರುವಾಯಿತೇ! ಇನ್ನು ಗೌರೀಹಬ್ಬಕ್ಕೆ ಹೇಗೋ" ಎಂದು ಬೀಗಿತ್ತಿಯವರು ಪೇಚಾಡಿದರೆಂದು ಕೇಳಿದೆವು. ಇದು ಔಷಧದಿಂದ ಬರುವ ಸ್ರಾವವೇ ಹೊರತು ಅಂಡಾಶಯ ಚೇತರಿಸಿಕೊಂಡ ಗುರುತಲ್ಲ ಎಂಬುದನ್ನೂ ವೈದ್ಯೆ ಮೊದಲೇ ತಿಳಿಸಿದ್ದರು. ಈ ಚಿಕಿತ್ಸೆ ಸಹಜ ನಿವೃತ್ತಿಯ ವಯಸ್ಸಿನ ವರೆಗೆ, ಎಂದರೆ ಐವತ್ತರ ಆಸುಪಾಸಿನ ತನಕ ನಡೆಯಬೇಕು.

ಹಾರ್ಮೋನೆಂದರೆ ಸ್ತನದ ಅರ್ಬುದ ಎಂಬ ಭೀತಿ ವಿದ್ಯಾವಂತರ ಮನೆಗಳಲ್ಲಿಯೇ ಹೆಚ್ಚು. ನಮ್ಮ ಅಳಿಯನೂ ಮೊದಲು ಒಪ್ಪಲಿಲ್ಲ. ಈ ಭೀತಿಯ ಮೂಲ ೨೦೦೨ರ ಜುಲೈ ತಿಂಗಳಿನದು. ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಮಿಕ್ಕ ಸ್ತ್ರೀಯರಿಗೆ ನಡೆಸುತ್ತಿದ್ದ ದೊಡ್ಡ ಪ್ರಯೋಗವೊಂದನ್ನು, ಎರಡು ಹಾರ್ಮೋನುಗಳನ್ನೂ ತೆಗೆದುಕೊಂಡವರಲ್ಲಿ ಸ್ತನದ ಅರ್ಬುದವೂ ರಕ್ತ ಹೆಪ್ಪುಗಟ್ಟುವುದೂ ಸ್ವಲ್ಪ ಹೆಚ್ಚಿತೆಂದು ಅರ್ಧದಲ್ಲಿಯೇ ನಿಲ್ಲಿಸಿದರು. ಸುದ್ದಿ ಲೋಕಕ್ಕೆಲ್ಲ ಹರಡಿತು. ಆದರೆ ಆ ಸ್ತ್ರೀಯರು ಐವತ್ತರಿಂದ ಎಪ್ಪತ್ತೊಂಬತ್ತು ವರ್ಷದವರು, ಸರಾಸರಿ ಅರುವತ್ತಮೂರು. ಪ್ರಕೃತಿಯು ಹಿಂತೆಗೆದುಕೊಂಡ ಮೇಲೆ ಮತ್ತೆ ಕೊಟ್ಟ ಹಾರ್ಮೋನು ಅದು. ಮೂವತ್ತಾರರವಳಿಗೆ ಕೊಡುವುದಾದರೋ ಅವಳ ಓರಗೆಯವರೆಲ್ಲರ ಮೈಯಲ್ಲಿಯೂ ಇರುವುದು. ಒಂದು ಸಂದರ್ಭದ ವಾಕ್ಯವನ್ನು ಕಿತ್ತು ಇನ್ನೊಂದು ಸಂದರ್ಭಕ್ಕೆ ಅಂಟಿಸಿ ಅರ್ಥ ಹೇಳಿದರೆ ಪರೀಕ್ಷೆಯಲ್ಲಿ ನಾವು ಸೊನ್ನೆ ಕೊಡುತ್ತಿದ್ದೆವು. ಆದರೂ ಸ್ತನದ ಅರ್ಬುದವಾಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಪಿತ್ತಕೋಶ ಯಕೃತ್ತಿನ ವ್ಯಾಧಿಯುಳ್ಳವರು, ಕಾರಣ ತಿಳಿಯದ ಸ್ರಾವವಿರುವವರು ತಾವಾಗಿ ಆರಂಭಿಸತಕ್ಕದ್ದಲ್ಲ. ವೈದ್ಯರ ಕಣ್ಣಿನಡಿಯಲ್ಲಿಯೇ ನಡೆಯಬೇಕಾದ ಕಾರ್ಯ.

ಶತಾವರಿ, ಅಶೋಕಗಳ ವಿಷಯವನ್ನು ನಮ್ಮ ಮಿತ್ರರು ಕೇಳುತ್ತಾರೆ. ಆಯುರ್ವೇದದಲ್ಲಿ ನಮಗಿರುವ ಗೌರವ ಕಡಿಮೆಯದಲ್ಲ; ಆದರೆ ಅವು ಈ ಕೊರತೆಯನ್ನು ತುಂಬುತ್ತವೆಂದು ಸಿದ್ಧವಾಗಿಲ್ಲ. ರಾಗಿಯ ಮಾತು ಬೇರೆ. ನೂರು ಗ್ರಾಮಿಗೆ ಮುನ್ನೂರೈವತ್ತು ಮಿಲಿಗ್ರಾಮಿನಷ್ಟು ಸುಣ್ಣದಂಶವಿರುವ ಈ ಧಾನ್ಯ ನಮ್ಮ ಹಾಸನ ಸೀಮೆಯ ಭಾಗ್ಯ. ಮುದ್ದೆ, ಎಳ್ಳು, ಮಜ್ಜಿಗೆ, ಬಿಸಿಲು, ನಡಿಗೆ, ಎಲ್ಲವೂ ಬೇಕು. ಸುಣ್ಣವಿದ್ದರೂ ಕಾವಲಿಲ್ಲದಿದ್ದರೆ ಮೂಳೆಯಲ್ಲಿ ನಿಲ್ಲದು, ಅಷ್ಟೆ.

ಶಸ್ತ್ರದಿಂದ ಬರುವ ಅಕಾಲ ನಿವೃತ್ತಿಯೂ ಉಂಟು. ಅಂಡಾಶಯಗಳನ್ನು ತೆಗೆದರೆ ಮರುದಿನವೇ. ಗರ್ಭಕೋಶವನ್ನು ಮಾತ್ರ ತೆಗೆದರೂ ಅಂಡಾಶಯಗಳು ಕೆಲವು ವರ್ಷ ಮೊದಲೇ ಸೋಲುತ್ತವೆ. ಕಳೆದ ದಶಕದಲ್ಲಿ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಲಂಬಾಣಿ ಮತ್ತು ದಲಿತ ಸ್ತ್ರೀಯರು, ಹೊಟ್ಟೆನೋವೆಂದು ಹೋದ ತಮಗೆ ಅರ್ಬುದದ ಭಯ ಹುಟ್ಟಿಸಿ ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶವನ್ನು ತೆಗೆದರೆಂದು ದೂರು ಕೊಟ್ಟು ಬೀದಿಗಿಳಿದದ್ದು ವಾಚಕರಿಗೆ ನೆನಪಿರಬಹುದು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರ್ಕಾರವು ೨೦೨೨ರಲ್ಲಿ ಮಾಡಿದ ನಿಯಮಾವಳಿಯನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿದೆ. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿರೆಂದು ನಮ್ಮ ಸೋದರಿಯರಲ್ಲಿ ಬೇಡುತ್ತೇವೆ.

ಇನ್ನೊಂದು ಮಗುವಿನ ಪ್ರಶ್ನೆಯನ್ನು ಎತ್ತಿದವಳು ನಮ್ಮ ಹುಡುಗಿಯೇ. ಇಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ತಾನಾಗಿಯೇ ಗರ್ಭ ನಿಲ್ಲುವುದುಂಟು. ಬೇಡವಾದವರು ಹಾರ್ಮೋನು ನಡೆಯುತ್ತಿದೆಯೆಂದು ಮೈಮರೆಯಬಾರದು, ಬೇಕಾದವರು ಅದನ್ನೇ ನೆಚ್ಚಬಾರದು. ಮತ್ತೊಬ್ಬ ಸ್ತ್ರೀಯ ಅಂಡದಾನದ ಮಾರ್ಗವಿದೆ. ೨೦೨೧ರ ಕಾನೂನಿನಂತೆ ಇಪ್ಪತ್ತಮೂರರಿಂದ ಮೂವತ್ತೈದರ ಒಳಗಿನವಳು, ಜೀವಮಾನದಲ್ಲಿ ಒಮ್ಮೆ ಮಾತ್ರ, ದಾನ ಮಾಡಬಹುದು. ಅವಳು ಎಲ್ಲವನ್ನೂ ಕೇಳಿಕೊಂಡು, "ನನಗೆ ಒಬ್ಬಳು ಸಾಕು. ಆದರೆ ಅವಳಿಗೆ ಇದು ಬಂದರೆ?" ಎಂದಳು. ಬರಲೇಬೇಕೆಂದಿಲ್ಲ, ಬಂದರೆ ಎರಡು ವರ್ಷ ಬಚ್ಚಿಡದೆ ನಾಲ್ಕನೆಯ ತಿಂಗಳಿಗೇ ಬನ್ನಿರಿ ಎಂದು ವೈದ್ಯೆ ಹೇಳಿದರು.

ಆ ರಾತ್ರಿ ನಾವು ಜಾತಕದ ಕಟ್ಟನ್ನು ಬಿಚ್ಚಿದೆವು. ಅಕ್ಕನ ಹೆಸರಿನ ಮುಂದೆ, ನಕ್ಷತ್ರ ಪಾದಗಳ ಕೆಳಗೆ, 'ನಿವೃತ್ತಿ: ೩೯' ಎಂದು ಬರೆದೆವು. ಮಗಳ ಹೆಸರಿನ ಮುಂದೆ ೩೪. ಮೊಮ್ಮಗಳ ಹಾಳೆಯಲ್ಲಿ ಜಾಗ ಬಿಟ್ಟೆವು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ನಿನ್ನ ಹೆಂಡತಿಯದು?" ಎಂದಳು. ಮದುವೆಯಾಗಿ ಮೂವತ್ತೈದು ವರ್ಷವಾಗಿದ್ದಿತು. ನಾವು ಎದ್ದು ಅಡುಗೆಯ ಮನೆಯ ಬಾಗಿಲಿಗೆ ಹೋಗಿ ಕೇಳಿದೆವು.

"ನಲವತ್ತೆಂಟು. ಬರೆದುಕೊಳ್ಳಿ" ಎಂದರು ಅವರು, ಒಲೆಯ ಕಡೆಯಿಂದ ಮುಖ ತಿರುಗಿಸದೆ.